ಬೀಗವಿಲ್ಲದ ಅಂಗಡಿಯ ಲೆಕ್ಕಪುಸ್ತಕ

ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಒಂದು ಪುಸ್ತಕ ತಂದರೆ ಅದು ನಮ್ಮದು. ಓದಬಹುದು, ಗೆಳೆಯರಿಗೆ ಎರವಲು ಕೊಡಬಹುದು, ಸಾಕೆನಿಸಿದಾಗ ಹಳೆ ಪುಸ್ತಕದ ಅಂಗಡಿಗೆ ಮಾರಬಹುದು, ಮಕ್ಕಳಿಗೆ ಬಿಟ್ಟು ಹೋಗಬಹುದು. ಮಾರಿದವನು ನಾಳೆ ಮನೆಗೆ ಬಂದು ನಮ್ಮ ಕಪಾಟಿನಿಂದ ಅದನ್ನು ಎತ್ತಿಕೊಂಡು ಹೋಗುವಂತಿಲ್ಲ. ಇಷ್ಟು ಸರಳವಾದ ಸಂಗತಿಯನ್ನೂ ಬರೆದು ಹೇಳಬೇಕಾದ ಕಾಲ ಬಂದಿದೆ. 2009ರ ಜುಲೈ ತಿಂಗಳಲ್ಲಿ ಅಮೆಜಾನ್ ಕಂಪನಿ ತನ್ನ ಕಿಂಡಲ್ ಗಿರಾಕಿಗಳ ಯಂತ್ರಗಳಿಂದ ಜಾರ್ಜ್ ಆರ್ವೆಲ್‌ನ '1984' ಕಾದಂಬರಿಯ ಪ್ರತಿಗಳನ್ನು ದೂರದಿಂದಲೇ ಅಳಿಸಿ ಹಾಕಿತು. ಆ ಪ್ರತಿಯನ್ನು ಮಾರಾಟಕ್ಕೆ ಇಟ್ಟವರಿಗೆ ಅದನ್ನು ಮಾರುವ ಹಕ್ಕೇ ಇರಲಿಲ್ಲವೆಂಬುದು ಕಾರಣ. ಹಣ ವಾಪಸು ಬಂತು, ಕಂಪನಿ ಕ್ಷಮೆಯನ್ನೂ ಕೇಳಿತು. ಆದರೆ ಮಾರಿದವನ ಕೈ ಕೊಂಡವನ ಮನೆಯೊಳಗೆ ಎಷ್ಟು ದೂರ ಚಾಚಬಲ್ಲದು ಎಂಬುದು ಅಂದು ಎಲ್ಲರಿಗೂ ಗೊತ್ತಾಯಿತು.

ಪುಸ್ತಕಕ್ಕಿಂತಲೂ ದೊಡ್ಡ ಪ್ರಮಾಣದಲ್ಲಿ ಈ ವ್ಯಾಜ್ಯ ನಡೆದಿರುವುದು ಕಂಪ್ಯೂಟರ್ ಆಟಗಳ ಲೋಕದಲ್ಲಿ. ಆಟವೆಂದರೆ ಮಕ್ಕಳ ಕೆಲಸ ಎಂದು ಓದುಗರು ಪುಟ ತಿರುವಬಾರದೆಂದು ನಮ್ಮ ವಿನಂತಿ. ಮಾರಾಟ ಎಂದರೇನು, ಒಡೆತನ ಎಂದರೇನು, ವ್ಯಾಪಾರಿ ಮತ್ತು ಗಿರಾಕಿಯ ನಡುವಿನ ನಂಬಿಕೆ ಎಷ್ಟು ಕಾಲ ಬಾಳುತ್ತದೆ ಎಂಬ ಪ್ರಶ್ನೆಗಳು ಬಲು ಹರಿತವಾಗಿ ಎದ್ದದ್ದು ಇಲ್ಲಿಯೇ. ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿ 2014ರಲ್ಲಿ 'ದಿ ಕ್ರೂ' ಎಂಬ ಕಾರು ಓಟದ ಆಟವನ್ನು ಮಾರಿತು. 2024ರ ಮಾರ್ಚ್ 31ರಂದು ಅದರ ಸರ್ವರುಗಳನ್ನು ನಿಲ್ಲಿಸಿತು. ಕೆಲವೇ ದಿನಗಳಲ್ಲಿ ಕೊಂಡವರ ಖಾತೆಗಳಿಂದ ಅದರ ಪರವಾನಗಿಯನ್ನೂ ಕಿತ್ತುಕೊಂಡಿತು. ಆಟಗಾರರ ಸಿಟ್ಟು ಬೀದಿಗೆ ಬಂತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಒಂದು ಕಾಯ್ದೆಯನ್ನು ಅಂಗೀಕರಿಸಿತು; ಅದು 2025ರ ಜನವರಿ 1ರಿಂದ ಜಾರಿಗೆ ಬಂತು. ಗಿರಾಕಿಗೆ ಸಿಗುವುದು ಬರೀ ಲೈಸೆನ್ಸ್ ಎಂದು ಸ್ಪಷ್ಟವಾಗಿ ತಿಳಿಸದೆ ಅಂಗಡಿಯವರು 'ಕೊಳ್ಳಿ' ಎಂಬ ಪದವನ್ನು ಬಳಸುವಂತಿಲ್ಲ ಎಂಬುದು ಅದರ ತಿರುಳು.

ಆದರೆ ಆ ಕಾಯ್ದೆ ಒಂದು ಬಗೆಯ ಮಾರಾಟವನ್ನು ಹೊರಗಿಟ್ಟಿದೆ. ದುಡ್ಡು ಕೊಟ್ಟ ಕೂಡಲೇ ಶಾಶ್ವತವಾಗಿ ಇಳಿಸಿಕೊಂಡು, ಇಂಟರ್‌ನೆಟ್ ಇಲ್ಲದೆಯೂ ಬಳಸಬಹುದಾದ, ಮಾರಿದವನು ಮತ್ತೆ ಕಿತ್ತುಕೊಳ್ಳಲಾಗದ ಸರಕಿಗೆ ಈ ನಿಯಮ ತಟ್ಟುವುದಿಲ್ಲ. ಅಂಥ ಸರಕನ್ನೇ ನೆಚ್ಚಿ ಕುಳಿತ ಅಂಗಡಿಗಳು ಜಗತ್ತಿನಲ್ಲಿ ಕೆಲವೇ ಕೆಲವು. ದೊಡ್ಡ ಅಂಗಡಿಗಳ ಮುಂದೆ ಅವು ಚಿಲ್ಲರೆ ವ್ಯಾಪಾರಿಗಳು. ಬೀಗ ಹಾಕದೆ ಆಟ ಮಾರುವ ಈ ಅಂಗಡಿಗಳ ಚರಿತ್ರೆ ನಮಗೆ ಬಹಳ ಕುತೂಹಲಕರವಾಗಿ ಕಂಡಿದೆ.

ಬೀಗ ಎಂದರೆ ಏನೆಂದು ಮೊದಲು ಹೇಳಬೇಕು. ಆಟ ಬರುತ್ತಿದ್ದುದು ಫ್ಲಾಪಿ ತಟ್ಟೆಯಲ್ಲಿ, ಆಮೇಲೆ ಸಿ.ಡಿ.ಯಲ್ಲಿ. ಎರಡನ್ನೂ ನಕಲು ಮಾಡುವುದು ಸುಲಭ. ಆದ್ದರಿಂದ 1980ರ ದಶಕದಲ್ಲಿ, ಜತೆಗೆ ಕೊಟ್ಟ ಕೈಪಿಡಿಯ ಇಂತಿಷ್ಟನೇ ಪುಟದ ಇಂತಿಷ್ಟನೇ ಪದ ಯಾವುದೆಂದು ಆಟವೇ ಕೇಳುತ್ತಿತ್ತು. ಉತ್ತರ ಗೊತ್ತಿಲ್ಲದವನು ನಕಲಿ ಗಿರಾಕಿ. ಮುಂದೆ ಅಸಲು ಸಿ.ಡಿ. ಯಂತ್ರದಲ್ಲಿ ಇದೆಯೇ ಎಂದು ಪರೀಕ್ಷಿಸುವ ಪದ್ಧತಿ ಬಂತು. ಆಮೇಲೆ ಸೆಕ್ಯುರಾಮ್, ಸ್ಟಾರ್‌ಫೋರ್ಸ್ ಎಂಬ ಹೆಸರಿನ ಬೀಗಗಳು ಬಂದವು. ಇವೆಲ್ಲವನ್ನೂ ಸೇರಿಸಿ ಡಿ.ಆರ್.ಎಂ. ಎನ್ನುತ್ತಾರೆ. ಕಂಪನಿಗಳ ಭಾಷೆಯಲ್ಲಿ ಅದು ಹಕ್ಕುಗಳ ನಿರ್ವಹಣೆ. ನಮ್ಮ ಭಾಷೆಯಲ್ಲಿ ಬೀಗ.

ಈ ಬೀಗಗಳು ಕಳ್ಳನನ್ನು ತಡೆದವೋ ಇಲ್ಲವೋ, ಹಣ ಕೊಟ್ಟವನನ್ನಂತೂ ಚೆನ್ನಾಗಿ ಗೋಳುಹೊಯ್ದುಕೊಂಡವು. 2008ರ ಸೆಪ್ಟೆಂಬರಿನಲ್ಲಿ ಬಂದ 'ಸ್ಪೋರ್' ಎಂಬ ಹೆಸರಾಂತ ಆಟವನ್ನು ಮೂರು ಕಂಪ್ಯೂಟರುಗಳಿಗಿಂತ ಹೆಚ್ಚು ಕಡೆ ಹಾಕಿಕೊಳ್ಳುವಂತಿರಲಿಲ್ಲ. ರೇಗಿದ ಗಿರಾಕಿಗಳು ಅಮೆಜಾನ್ ಪುಟದಲ್ಲಿ ಅದಕ್ಕೆ ಸಾವಿರಾರು ಸಂಖ್ಯೆಯಲ್ಲಿ ಒಂದೊಂದೇ ನಕ್ಷತ್ರ ಕೊಟ್ಟರು. ಇಷ್ಟು ಭದ್ರವಾದ ಬೀಗವಿದ್ದ ಆಟವೇ ಆ ವರ್ಷ ಅತಿ ಹೆಚ್ಚು ಕದ್ದು ಇಳಿಸಿಕೊಂಡ ಆಟಗಳ ಸಾಲಿನಲ್ಲಿ ಮುಂದಿತ್ತು. ಅದೇ 2008ರ ಬೇಸಿಗೆಯಲ್ಲಿ ಯೂಬಿಸಾಫ್ಟ್‌ನ 'ರೇನ್‌ಬೋ ಸಿಕ್ಸ್ ವೇಗಸ್ 2' ಆಟದ ಕೆಲವು ಗಿರಾಕಿಗಳಿಗೆ ಸಿ.ಡಿ. ಪರೀಕ್ಷೆಯ ತೊಂದರೆಯಾಯಿತು. ಕಂಪನಿ ಅವರಿಗೆ ಒಂದು ತಿದ್ದುಪಡಿ ಕಡತ ಕೊಟ್ಟಿತು. ಬಿಚ್ಚಿ ನೋಡಿದರೆ ಅದು ಬೀಗ ಮುರಿಯುವುದನ್ನೇ ಕಸುಬಾಗಿಸಿಕೊಂಡ ಗುಂಪೊಂದರ ಕೈಕೆಲಸ! ತನ್ನ ಬೀಗ ತೆಗೆಯಲು ಮನೆಯೊಡೆಯನೇ ಕಳ್ಳನ ಸಲಕರಣೆ ಎರವಲು ತಂದಂತಾಯಿತು.

ಬೀಗವಿಲ್ಲದೆ ಮಾರಿ ನೋಡೋಣ ಎಂದವರೂ ಇದ್ದರು. ಅಮೆರಿಕದ ಸ್ಟಾರ್‌ಡಾಕ್ ಎಂಬ ಚಿಕ್ಕ ಕಂಪನಿ 2006ರಲ್ಲಿ 'ಗ್ಯಾಲಕ್ಟಿಕ್ ಸಿವಿಲೈಸೇಷನ್ಸ್ 2' ಆಟವನ್ನು ಯಾವ ಸಿ.ಡಿ. ರಕ್ಷಣೆಯೂ ಇಲ್ಲದೆ ಅಂಗಡಿಗಳಿಗೆ ಕಳಿಸಿತು. ಹೊಸ ತಿದ್ದುಪಡಿಗಳು ಬೇಕಿದ್ದವರು ಮಾತ್ರ ತಮ್ಮ ಕ್ರಮಸಂಖ್ಯೆ ಕೊಟ್ಟು ಪಡೆಯಬೇಕಿತ್ತು. ಆಟ ಚೆನ್ನಾಗಿಯೇ ಮಾರಾಟವಾಯಿತು. ಆಗ ನಡೆದದ್ದು ವಿಚಿತ್ರ. ಬೀಗ ಮಾರುವ ಸ್ಟಾರ್‌ಫೋರ್ಸ್ ಕಂಪನಿಯ ಸಿಬ್ಬಂದಿಯೊಬ್ಬರು ಈ ಆಟದ ಕಳ್ಳಪ್ರತಿ ಎಲ್ಲಿ ಸಿಗುತ್ತದೆ ಎಂಬ ಕೊಂಡಿಯನ್ನು ಎಲ್ಲರಿಗೂ ಕಾಣುವಂತೆ ಹಾಕಿದರು. ಬೀಗ ಹಾಕದಿದ್ದರೆ ಏನಾಗುತ್ತದೆ ನೋಡಿ ಎಂದು ತೋರಿಸುವುದು ಉದ್ದೇಶ. ಗಲಾಟೆಯಾದ ಮೇಲೆ ಕಂಪನಿ ಕ್ಷಮೆ ಕೇಳಬೇಕಾಯಿತು.

ಈ ಕಥೆಯ ಮುಖ್ಯ ಅಧ್ಯಾಯ ಶುರುವಾಗುವುದು ಮಾತ್ರ ಅಮೆರಿಕದಲ್ಲಲ್ಲ, ಪೋಲೆಂಡಿನಲ್ಲಿ. 1989ರಲ್ಲಿ ಕಮ್ಯುನಿಸ್ಟ್ ಆಡಳಿತ ಮುಗಿದ ಮೇಲೆ ಆ ದೇಶದಲ್ಲಿ ಬೀದಿ ವ್ಯಾಪಾರ ಹುಲುಸಾಗಿ ಬೆಳೆಯಿತು. ವಾರ್ಸಾ ನಗರದ ಹಳೆಯ ಕ್ರೀಡಾಂಗಣವೊಂದು ಯುರೋಪಿನ ಅತಿದೊಡ್ಡ ಸಂತೆಗಳಲ್ಲಿ ಒಂದಾಯಿತು. ಕಂಪ್ಯೂಟರ್ ಆಟಗಳ ನಕಲು ಅಲ್ಲಿ ಬಹಿರಂಗವಾಗಿಯೇ ಬಿಕರಿಯಾಗುತ್ತಿತ್ತು. ಅದನ್ನು ಕಳ್ಳತನವೆಂದು ಯಾರೂ ಬಗೆದಿರಲಿಲ್ಲ. ಇಂದಿನ ಕಾಲಕ್ಕೆ ಹೊಂದುವ ಕೃತಿಸ್ವಾಮ್ಯ ಕಾಯ್ದೆ ಅಲ್ಲಿ ಬಂದದ್ದೇ 1994ರಲ್ಲಿ. ಅದೇ ವರ್ಷ ಮಾರ್ಚಿನ್ ಇವಿನ್‌ಸ್ಕಿ ಮತ್ತು ಮಿಹಾವ್ ಕಿಚಿನ್‌ಸ್ಕಿ ಎಂಬ ಇಬ್ಬರು ಶಾಲಾ ಗೆಳೆಯರು ಸಿ.ಡಿ. ಪ್ರಾಜೆಕ್ಟ್ ಎಂಬ ಕಂಪನಿ ತೆರೆದು ಅಸಲು ಸಿ.ಡಿ.ಗಳನ್ನು ಆಮದು ಮಾಡತೊಡಗಿದರು. ಪಕ್ಕದ ಮೇಜಿನ ಮೇಲೆ ಚಿಲ್ಲರೆ ಕಾಸಿಗೆ ನಕಲು ಸಿಗುತ್ತಿರುವಾಗ ಅಸಲನ್ನು ಕೊಳ್ಳುವವರು ಯಾರು?

1999ರಲ್ಲಿ ಅವರು ಕಂಡುಕೊಂಡ ಉತ್ತರವನ್ನು ನಮ್ಮ ವ್ಯಾಪಾರಿಗಳೂ ಗಮನಿಸಬೇಕು. 'ಬಾಲ್ಡರ್ಸ್ ಗೇಟ್' ಎಂಬ ದೊಡ್ಡ ಕಥಾ ಆಟವನ್ನು ಪೂರ್ತಿಯಾಗಿ ಪೋಲಿಷ್ ಭಾಷೆಗೆ ತಂದರು. ಆ ದೇಶದ ಹೆಸರಾಂತ ನಟರಿಂದ ದನಿ ಕೊಡಿಸಿದರು. ಭಾರವಾದ ಪೆಟ್ಟಿಗೆಯಲ್ಲಿ ಸಿ.ಡಿ.ಗಳ ಜತೆ ನಕ್ಷೆ, ಕೈಪಿಡಿ, ಸಂಗೀತದ ತಟ್ಟೆ ಇಟ್ಟರು. ಮೊದಲ ದಿನವೇ 18 ಸಾವಿರ ಪ್ರತಿಗಳು ಹೋದವು. ನಕಲು ಮಾಡುವವನಿಗೆ ಸಿ.ಡಿ.ಯನ್ನು ನಕಲು ಮಾಡಲು ಬರುತ್ತದೆ, ಆದರೆ ಆ ಪೆಟ್ಟಿಗೆಯನ್ನು, ಆ ಅಕ್ಕರೆಯನ್ನು ನಕಲು ಮಾಡಲು ಬರುವುದಿಲ್ಲ ಎಂಬ ಲೆಕ್ಕಾಚಾರ ಅವರದು. ತಾಯಿನುಡಿಯ ಬಲವೂ ಇದರಲ್ಲಿ ಇದೆ ಎಂಬುದನ್ನು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಈ ಅನುಭವದ ಮೇಲೆಯೇ 2008ರ ಸೆಪ್ಟೆಂಬರಿನಲ್ಲಿ ಅದೇ ಕಂಪನಿ ಇಂಟರ್‌ನೆಟ್ಟಿನಲ್ಲಿ 'ಗುಡ್ ಓಲ್ಡ್ ಗೇಮ್ಸ್' ಎಂಬ ಅಂಗಡಿ ತೆರೆಯಿತು. ಮುಂದೆ ಅದರ ಹೆಸರು ಜಿ.ಒ.ಜಿ. ಎಂದಷ್ಟೇ ಉಳಿಯಿತು. ಸರಕು ಹತ್ತಿಪ್ಪತ್ತು ವರ್ಷ ಹಳೆಯ ಆಟಗಳು, ಬೆಲೆ 5.99 ಇಲ್ಲವೇ 9.99 ಡಾಲರ್, ಬೀಗ ಇಲ್ಲ. ಹಳೆಯ ಆಟಗಳು ಹೊಸ ಕಂಪ್ಯೂಟರಿನಲ್ಲಿ ಓಡುವುದಿಲ್ಲವಲ್ಲ? ಅದಕ್ಕೆ ಹವ್ಯಾಸಿಗಳು ವರ್ಷಗಟ್ಟಲೆ ಪುಕ್ಕಟೆ ದುಡಿದು ಕಟ್ಟಿದ ಡಾಸ್‌ಬಾಕ್ಸ್, ಸ್ಕಮ್‌ವಿ.ಎಂ. ಎಂಬ ಮುಕ್ತ ತಂತ್ರಾಂಶಗಳನ್ನು ಜತೆಗೆ ಸೇರಿಸಿ ಕೊಟ್ಟರು. ಇಂಗ್ಲೆಂಡಿನ ರೆವಲ್ಯೂಷನ್ ಕಂಪನಿ 2003ರಲ್ಲೇ ತನ್ನ 'ಬಿನೀತ್ ಎ ಸ್ಟೀಲ್ ಸ್ಕೈ' ಆಟವನ್ನು ಉಚಿತವಾಗಿ ಬಿಟ್ಟು, ಸ್ಕಮ್‌ವಿ.ಎಂ. ಹವ್ಯಾಸಿಗಳು ಅದನ್ನು ಓಡಿಸುವಂತೆ ನೆರವಾಗಿತ್ತು. ಅಂಥ ಆಟಗಳನ್ನು ಜಿ.ಒ.ಜಿ. ಬಂದವರ ಕೈಗೆ ಸುಮ್ಮನೆ ಕೊಟ್ಟಿತು. ನಮ್ಮೂರ ಅಂಗಡಿಯವರು ಮಗುವಿನ ಕೈಗೆ ಬೆಲ್ಲದ ಚೂರು ಕೊಡುವ ಹಾಗೆ.

ಅಂಗಡಿ ಬೆಳೆಯಿತು. ಮೊದಮೊದಲು ಮುಖ ತಿರುಗಿಸಿದ್ದ ದೊಡ್ಡ ಪ್ರಕಾಶಕರೂ ಒಬ್ಬೊಬ್ಬರಾಗಿ ತಮ್ಮ ಹಳೆಯ ಮಾಲನ್ನು ಬೀಗವಿಲ್ಲದೆ ಕೊಡಲು ಒಪ್ಪಿದರು. ಹಾಗೆಂದು ಇವರೆಲ್ಲ ಸಂತರೇನಲ್ಲ. 2011ರಲ್ಲಿ ತಮ್ಮದೇ 'ವಿಚರ್ 2' ಆಟ ಕದ್ದರೆಂದು ಜರ್ಮನಿಯ ಜನರಿಗೆ ಇದೇ ಸಿ.ಡಿ. ಪ್ರಾಜೆಕ್ಟ್ ಬಳಗ ವಕೀಲರ ಮೂಲಕ ದಂಡದ ಪತ್ರಗಳನ್ನು ಕಳಿಸಿತು. ನಂಬಿಕೆಯ ಮಾತಾಡುವವರು ಹೀಗೆ ಮಾಡಬಹುದೇ ಎಂದು ಗಿರಾಕಿಗಳು ತಿರುಗಿಬಿದ್ದ ಮೇಲೆ 2012ರ ಜನವರಿಯಲ್ಲಿ ಅದನ್ನು ಕೈಬಿಟ್ಟರು.

ಬೀಗ ತೆಗೆದರೆ ಗಿರಾಕಿ ಕದಿಯುತ್ತಾನೆ ಎಂಬುದು ಎಲ್ಲರ ಭಯ. ಕದಿಯುವುದಿಲ್ಲವೇ? ಕದಿಯುತ್ತಾನೆ. 2008ರಲ್ಲಿ ಇಬ್ಬರೇ ತರುಣರು ಸೇರಿ ಮಾಡಿದ 'ವರ್ಲ್ಡ್ ಆಫ್ ಗೂ' ಆಟ ಬೀಗವಿಲ್ಲದೆ ಬಂತು. ಆಡುತ್ತಿರುವವರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಕಾಸು ಕೊಟ್ಟಿಲ್ಲವೆಂದು ಅವರೇ ಅಂದಾಜು ಹಾಕಿದರು. ಆದರೂ ಅವರು ಮುಂದಿನ ಅಕ್ಟೋಬರಿನಲ್ಲಿ, ಆಟಕ್ಕೆ ಒಂದು ವರ್ಷ ತುಂಬಿದ ನೆಪದಲ್ಲಿ, 20 ಡಾಲರಿನ ಆಟವನ್ನು 'ನಿಮಗೆ ತೋಚಿದಷ್ಟು ಕೊಡಿ' ಎಂದು ಮುಂದಿಟ್ಟರು. ಒಂದೇ ವಾರದಲ್ಲಿ 57 ಸಾವಿರದಷ್ಟು ಜನ, ಸರಾಸರಿ ಎರಡು ಡಾಲರಿಗೆ ತುಸು ಹೆಚ್ಚು ಕೊಟ್ಟು ಕೊಂಡರು.

ಇದನ್ನು ನೋಡಿಕೊಂಡೇ ವುಲ್ಫೈರ್ ಎಂಬ ಪುಟ್ಟ ತಂಡ 2010ರ ಮೇ ತಿಂಗಳಲ್ಲಿ ಐದಾರು ಆಟಗಳನ್ನು ಒಂದೇ ಗಂಟಾಗಿ ಕಟ್ಟಿ 'ಹಂಬಲ್ ಇಂಡೀ ಬಂಡಲ್' ಎಂದು ಮಾರಿತು. ಬೆಲೆ ಗಿರಾಕಿ ಹೇಳಿದ್ದು. ಅದರಲ್ಲಿ ಎಷ್ಟು ಪಾಲು ಆಟ ಮಾಡಿದವರಿಗೆ, ಎಷ್ಟು ಪಾಲು ಮಕ್ಕಳ ಆಸ್ಪತ್ರೆಗಳಿಗೆ ನೆರವಾಗುವ ಸಂಸ್ಥೆಯಂಥ ಧರ್ಮಕಾರ್ಯಕ್ಕೆ ಎಂಬುದನ್ನೂ ಗಿರಾಕಿಯೇ ಹಂಚಬಹುದಿತ್ತು. ಸುಮಾರು 1 ಲಕ್ಷ 38 ಸಾವಿರ ಜನ ಕೊಂಡರು. 12 ಲಕ್ಷ ಡಾಲರಿಗೂ ಮೀರಿ ಹಣ ಬಂತು. ಲಿನಕ್ಸ್ ಬಳಸುವವರು, ಅಂದರೆ ಎಲ್ಲವನ್ನೂ ಪುಕ್ಕಟೆ ಬಯಸುವವರೆಂದು ಜನ ಆಡಿಕೊಳ್ಳುತ್ತಿದ್ದವರು, ಸರಾಸರಿಯಲ್ಲಿ ಎಲ್ಲರಿಗಿಂತ ಹೆಚ್ಚು ಕೊಟ್ಟರು. ಒಂದು ಸೆಂಟ್ ಕೊಟ್ಟರೂ ಸಿಗುತ್ತಿದ್ದ ಈ ಗಂಟನ್ನು ಕೂಡ ನಾಲ್ಕರಲ್ಲಿ ಒಂದು ಪಾಲು ಜನ ಕಾಸೇ ಕೊಡದೆ ಇಳಿಸಿಕೊಂಡರು ಎಂದು ವುಲ್ಫೈರ್ ಅಂದಾಜು ಮಾಡಿತು. ಆದರೂ ಅವರು ಬೀಗ ಹಾಕಲಿಲ್ಲ. ಹಾಕಿದರೆ ತೊಂದರೆಯಾಗುವುದು ಕೊಟ್ಟ ಮುಕ್ಕಾಲು ಪಾಲಿನವರಿಗೆ ಎಂಬುದು ಅವರ ವಾದ.

ನಮಗೆ ಮುಖ್ಯವಾಗಿ ಕಾಣುವುದು ಅದರ ಮುಂದಿನ ಸಂಗತಿ. ಹತ್ತು ಲಕ್ಷ ಡಾಲರು ದಾಟಿದ ಖುಷಿಯಲ್ಲಿ ಕೆಲವರು ತಮ್ಮ ಆಟಗಳ ಸೋರ್ಸ್ ಕೋಡನ್ನೇ ಲೋಕಕ್ಕೆ ಬಿಟ್ಟುಕೊಟ್ಟರು. ವುಲ್ಫೈರ್‌ನ 'ಲುಗಾರು' ಅವುಗಳಲ್ಲಿ ಒಂದು. 2011ರ ಆರಂಭದಲ್ಲಿ ಆಪಲ್ ಕಂಪನಿಯ ಅಂಗಡಿಯಲ್ಲಿ ಎರಡು 'ಲುಗಾರು'ಗಳು ಕಾಣಿಸಿಕೊಂಡವು. ಅಸಲಿನದು 9.99 ಡಾಲರ್, ಇನ್ನೊಂದು ಯಾರೋ ಹಾಕಿದ್ದು, 1.99 ಡಾಲರ್. ಕೋಡ್ ಮುಕ್ತವಾಗಿದೆ, ಆದ್ದರಿಂದ ಮಾರುವ ಹಕ್ಕು ನಮಗೂ ಇದೆ ಎಂಬುದು ಆ ಜನರ ವಾದ. ಮುಕ್ತವಾಗಿದ್ದದ್ದು ಕೋಡ್ ಮಾತ್ರ. ಚಿತ್ರ, ಸಂಗೀತಗಳನ್ನು ಮಾರುವ ಪರವಾನಗಿಯನ್ನು ಯಾರಿಗೂ ಕೊಟ್ಟಿರಲಿಲ್ಲ. ಬಹಳ ಬಿಗಿ ಪರಿಶೀಲನೆಯಿದೆ ಎಂದು ಹೆಸರಾದ ಆ ದೊಡ್ಡ ಅಂಗಡಿ ಇದನ್ನು ತಾನಾಗಿ ಗಮನಿಸಲಿಲ್ಲ. ದೂರು ಹೋಗಿ ಸುದ್ದಿಯಾದ ಮೇಲೆ ತೆಗೆಯಿತು. ಇಲ್ಲಿ ಕದ್ದವನು ಮನೆಯಲ್ಲಿ ಕುಳಿತು ಆಡುವ ಹುಡುಗನಲ್ಲ, ಅಂಗಡಿಯಲ್ಲಿ ಬೋರ್ಡು ಹಾಕಿ ಮಾರುವವನು ಎಂಬುದನ್ನು ಗಮನಿಸಬೇಕು. ಉರ್ದು ಪುಸ್ತಕಗಳ ಎರಡನೇ ಪುಟದಲ್ಲಿ 'ಜುಮ್ಲಾ ಹುಕೂಕ್ ಮಹಫೂಜ್' ಎಂದು ಅಚ್ಚು ಹಾಕುತ್ತಿದ್ದುದು ಕೂಡ ಓದುಗನಿಗೆ ಹೆದರಿಯಲ್ಲ, ಪಕ್ಕದೂರಿನ ಪ್ರಕಾಶಕನಿಗೆ ಹೆದರಿ.

ಬೀಗವಿಲ್ಲದ ಸಣ್ಣ ಅಂಗಡಿಗಳ ಲೆಕ್ಕಪುಸ್ತಕವನ್ನು ತೆರೆದು ನೋಡಿದರೆ ಇದೇ ಮಾತು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಗಿರಾಕಿ ಕದ್ದದ್ದರಿಂದಲೇ ಬಾಗಿಲು ಮುಚ್ಚಿತು ಎನ್ನಬಹುದಾದ ಅಂಗಡಿ ನಮ್ಮ ಗಮನಕ್ಕೆ ಬಂದಿಲ್ಲ. ನಂಬಿಕೆ ಮುರಿದದ್ದು ಗಲ್ಲಾಪೆಟ್ಟಿಗೆಯ ಆಚೆ ಬದಿಯಲ್ಲಿ.

ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಡೆಸೂರಾ ಇದಕ್ಕೆ ಉದಾಹರಣೆ. 2010ರ ಕೊನೆಯಲ್ಲಿ ಬಾಗಿಲು ತೆರೆದ ಈ ಅಂಗಡಿ ಒಂಟಿಯಾಗಿ ಆಟ ಮಾಡುವವರ ಆಸರೆಯಾಗಿತ್ತು. ಅಲ್ಲಿನ ಬಹುಪಾಲು ಆಟಗಳಿಗೆ ಬೀಗವಿರಲಿಲ್ಲ. 2013ರಲ್ಲಿ ಅಮೆರಿಕದ ಲಿಂಡೆನ್ ಲ್ಯಾಬ್ ಅದನ್ನು ಕೊಂಡಿತು. 2014ರ ನವೆಂಬರಿನಲ್ಲಿ ಬ್ಯಾಡ್ ಜುಜು ಗೇಮ್ಸ್ ಎಂಬ ಕಂಪನಿಗೆ ಮಾರಿತು. ಕೆಲವೇ ತಿಂಗಳಲ್ಲಿ, ಮಾರಾಟವಾದ ಆಟಗಳ ಹಣ ತಮಗೆ ಬಂದಿಲ್ಲವೆಂದು ತಯಾರಕರು ದೂರತೊಡಗಿದರು. 2015ರ ಜೂನಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಗಿರಾಕಿಯ ದುಡ್ಡು ಗಲ್ಲಾಪೆಟ್ಟಿಗೆಗೆ ಬಂದಿತ್ತು, ಅಲ್ಲಿಂದ ಮುಂದೆ ಹೋಗಿರಲಿಲ್ಲ. ಬೀಗವಿಲ್ಲದ ಆಟವನ್ನು ಮೊದಲೇ ಇಳಿಸಿಟ್ಟುಕೊಂಡ ಗಿರಾಕಿಗೆ ಅಂಗಡಿ ಮುಚ್ಚಿದರೂ ನಷ್ಟವಾಗಲಿಲ್ಲ. ರಾತ್ರಿ ಹಗಲು ಕುಳಿತು ಆಟ ಮಾಡಿದ ಬಡಪಾಯಿಯ ಹೆಸರು ಮಾತ್ರ ಸಾಲಗಾರರ ಪಟ್ಟಿಯ ತುದಿಯಲ್ಲೆಲ್ಲೋ ಸೇರಿತು. ಪರವಾನಗಿ ಪತ್ರದಲ್ಲಿ ಬರೆದದ್ದೆಲ್ಲ ಗಿರಾಕಿ ಏನು ಮಾಡಬಾರದು ಎಂಬುದೇ. ಅಂಗಡಿಯವನು ತಯಾರಕನ ಪಾಲನ್ನು ಬೇರೆ ಪೆಟ್ಟಿಗೆಯಲ್ಲಿ ಇಡಬೇಕು ಎಂಬ ಕಟ್ಟುಪಾಡು ಎಲ್ಲಿದೆ? ಹಳೆಯ ವ್ಯಾಪಾರದಲ್ಲಿ ಇದಕ್ಕೆ ಅಮಾನತ್ತು ಎನ್ನುತ್ತಿದ್ದರು. ಇನ್ನೊಬ್ಬರ ಹಣ ನಮ್ಮ ಕೈಯಲ್ಲಿರುವಾಗ ಅದು ನಮ್ಮ ಹಣವಲ್ಲ.

ಬೀಗವಿದ್ದ ಕಡೆ ಬೇರೆಯದೇ ಕಳ್ಳತನ ನಡೆಯಿತು. ಸ್ಟೀಮ್‌ನಂಥ ದೊಡ್ಡ ಅಂಗಡಿಯ ಆಟಗಳನ್ನು ಬೇರೆ ಕಡೆ ಕೊಂಡರೆ ಅವನ್ನು ತೆರೆಯಲು ಅಂಕಿ-ಅಕ್ಷರಗಳ ಒಂದು ಕೀ ಬೇಕು. ಕೀ ಎಂದ ಮೇಲೆ ಅದಕ್ಕೊಂದು ಕಾಳಸಂತೆ. ಝೆಕ್ ದೇಶದ ಪ್ರಾಗ್ ನಗರದ ವೂಬೆ ಎಂಬ ತಂಡ 'ಫ್ಯಾಕ್ಟೋರಿಯೋ' ಆಟವನ್ನು ತನ್ನದೇ ತಾಣದಲ್ಲಿ ಬೀಗವಿಲ್ಲದೆ ಮಾರುತ್ತಿತ್ತು, ಜತೆಗೆ ಸ್ಟೀಮ್ ಕೀಗಳನ್ನೂ ಕೊಡುತ್ತಿತ್ತು. ಕದ್ದ ಕ್ರೆಡಿಟ್ ಕಾರ್ಡುಗಳಿಂದ ಕೀ ಕೊಂಡು ಜಿ2ಎ ಎಂಬ ಮರುಮಾರಾಟದ ಸಂತೆಯಲ್ಲಿ ಮಾರಲಾಗುತ್ತಿದೆ ಎಂಬುದು ತಂಡದ ದೂರು. ಜಿ2ಎ ತಪಾಸಣೆಗೆ ಒಪ್ಪಿತು. 2016ರಲ್ಲಿ ಮಾರಾಟವಾಗಿದ್ದ 198 ಕೀಗಳು ಅಕ್ರಮವೆಂದು ಖಚಿತವಾಗಿ, 2020ರಲ್ಲಿ ಸುಮಾರು 40 ಸಾವಿರ ಡಾಲರ್ ಪರಿಹಾರ ಕೊಡಬೇಕಾಯಿತು. ಬೀಗವಿಲ್ಲದ ಕಡತವನ್ನು ಹೀಗೆ ಮಾರಲು ಯಾರೂ ಮುಂದಾಗುವುದಿಲ್ಲ. ಎಲ್ಲರೂ ನಕಲು ಮಾಡಬಹುದಾದದ್ದಕ್ಕೆ ಕಾಳಸಂತೆಯಲ್ಲಿ ಬೆಲೆಯಿಲ್ಲ. ಕೀಲಿಕೈ ಇದ್ದರೆ ತಾನೇ ಕೀಲಿಕೈ ಕಳ್ಳ!

ಇನ್ನು ಪರವಾನಗಿಯ ವಿಷಯ. ಮಾರುವವನ ಬಳಿ ಪರವಾನಗಿ ಇರಬೇಕು, ಅದನ್ನು ಕೊಡಲು ಒಬ್ಬ ಒಡೆಯನಿರಬೇಕು. ಒಡೆಯ ಯಾರು? 2012ರಲ್ಲಿ ಸ್ಟೀಫನ್ ಕಿಕ್ ಎಂಬ ಅಮೆರಿಕದ ಕಲಾವಿದ ಕೆಲಸ ಬಿಟ್ಟು ಮಧ್ಯ ಅಮೆರಿಕದಲ್ಲಿ ಅಲೆಯುತ್ತಿದ್ದ. ಒಂದು ರಾತ್ರಿ ಅವನಿಗೆ 1999ರ 'ಸಿಸ್ಟಮ್ ಶಾಕ್ 2' ಆಡಬೇಕೆನಿಸಿತು. ಅಷ್ಟು ಪ್ರಸಿದ್ಧ ಆಟ ಯಾವ ಅಂಗಡಿಯಲ್ಲೂ ಮಾರಾಟಕ್ಕಿರಲಿಲ್ಲ. ಅದನ್ನು ಮಾಡಿದ ಲುಕಿಂಗ್ ಗ್ಲಾಸ್ ಕಂಪನಿ 2000ದಲ್ಲಿ ಮುಚ್ಚಿತ್ತು. ವಿಚಾರಿಸುತ್ತ ಹೋದರೆ ಹಕ್ಕು ಬಂದು ನಿಂತದ್ದು ಒಂದು ವಿಮಾ ಕಂಪನಿಯ ಕೈಯಲ್ಲಿ! ಆ ವಿಮಾ ಕಂಪನಿಗೆ ಬರೆದಾಗ ಅವರು ಹೊಸ ಆಟ ಮಾಡುವ ಇರಾದೆ ಇದೆಯೇ ಎಂದು ಕೇಳಿದರು. ಬೇಡ, ಹಳೆಯದನ್ನೇ ರಿಪೇರಿ ಮಾಡಿ ಮಾರುತ್ತೇನೆಂದು ಕಿಕ್ ಒಪ್ಪಿಸಿದ. 2013ರ ಫೆಬ್ರವರಿಯಲ್ಲಿ ಅದು ಜಿ.ಒ.ಜಿ. ಅಂಗಡಿಗೆ ಬಂತು. ನೈಟ್‌ಡೈವ್ ಎಂಬ ಅವನ ಕಂಪನಿ ಹುಟ್ಟಿದ್ದು ಹೀಗೆ.

ಅದೇ ಕಂಪನಿಗೆ 'ನೋ ಒನ್ ಲಿವ್ಸ್ ಫಾರೆವರ್' ಎಂಬ 2000ದ ಆಟದ ವಿಷಯದಲ್ಲಿ ಅದೃಷ್ಟ ಒಲಿಯಲಿಲ್ಲ. ಆಟ ಮಾಡಿದ ಮಾನೊಲಿತ್ ತಂಡವನ್ನು 2004ರಲ್ಲಿ ವಾರ್ನರ್ ಬ್ರದರ್ಸ್ ಕೊಂಡಿತ್ತು. ಪ್ರಕಟಿಸಿದ ಫಾಕ್ಸ್ ಇಂಟರಾಕ್ಟಿವ್ 2003ರಲ್ಲಿ ವಿವೆಂದಿಗೆ ಹೋಗಿ, ವಿವೆಂದಿಯ ಆಟದ ವಿಭಾಗ 2008ರಲ್ಲಿ ಆಕ್ಟಿವಿಷನ್ ಜತೆ ಸೇರಿತ್ತು. ನೈಟ್‌ಡೈವ್‌ನವರು ಮೂರೂ ಬಾಗಿಲು ತಟ್ಟಿದರು. ಹಕ್ಕು ತಮ್ಮಲ್ಲಿದೆ ಎಂದು ಖಚಿತವಾಗಿ ಹೇಳುವವರು ಯಾರೂ ಇಲ್ಲ. ಕಾಗದವಿದ್ದರೆ ಎಲ್ಲೋ ಒಂದು ಪೆಟ್ಟಿಗೆಯಲ್ಲಿರಬಹುದು, ಹುಡುಕುವ ಪುರಸೊತ್ತು ಯಾರಿಗೂ ಇಲ್ಲ. ಆದರೆ ನೀವು ಮಾರಿದರೆ ಮೊಕದ್ದಮೆ ಹೂಡುವುದಿಲ್ಲ ಎಂಬ ಭರವಸೆ ಕೊಡಲೂ ಒಪ್ಪಲಿಲ್ಲ. ನೈಟ್‌ಡೈವ್ ಆ ಹೆಸರಿನ ಟ್ರೇಡ್‌ಮಾರ್ಕಿಗೆ ಅರ್ಜಿ ಹಾಕಿದಾಗ ತಕರಾರು ತೆಗೆಯಲು ಮಾತ್ರ ವಾರ್ನರ್‌ಗೆ ಪುರಸೊತ್ತಿತ್ತು. ಪಹಣಿಯಲ್ಲಿ ಯಾರ ಹೆಸರಿದೆಯೋ ಗೊತ್ತಿಲ್ಲ, ಆದರೆ ಉಳಲು ಬಂದವನನ್ನು ತಡೆಯಲು ಎಲ್ಲರೂ ಹಾಜರು. ಮಾನೊಲಿತ್ ತಂಡವನ್ನೇ ವಾರ್ನರ್ 2025ರ ಫೆಬ್ರವರಿಯಲ್ಲಿ ಮುಚ್ಚಿಬಿಟ್ಟಿತು.

ಹಕ್ಕು ಕೈ ಬದಲಾಯಿಸಿದಾಗ ಪ್ರಾಮಾಣಿಕ ಅಂಗಡಿ ಏನು ಮಾಡಬಹುದು? 2013ರ ಡಿಸೆಂಬರ್ ಕೊನೆಗೆ ಹಳೆಯ 'ಫಾಲೌಟ್' ಆಟಗಳ ಹಕ್ಕು ಇಂಟರ್‌ಪ್ಲೇ ಕಂಪನಿಯಿಂದ ಬೆಥೆಸ್ಡಾ ಕಂಪನಿಗೆ ಹೋಗುವುದಿತ್ತು. ಜಿ.ಒ.ಜಿ. ಅದಕ್ಕೆ ಮೊದಲು ಎರಡು ದಿನ ಮೂರೂ ಆಟಗಳನ್ನು ಉಚಿತವಾಗಿ ಹಂಚಿ, ವರ್ಷ ಮುಗಿದಾಗ ಮಾರಾಟದಿಂದ ಇಳಿಸಿತು. ಪಡೆದವರ ಬಳಿ ಅವು ಉಳಿದವು. 2015ರಲ್ಲಿ ಹೊಸ ಒಡೆಯರ ಒಪ್ಪಿಗೆಯಿಂದ ಮತ್ತೆ ಅದೇ ಕಪಾಟಿಗೆ ಬಂದವು. ಇಲ್ಲಿ ಒಂದು ಸೂಕ್ಷ್ಮವಿದೆ. ಜಿ.ಒ.ಜಿ.ಯ ಒಪ್ಪಂದ ಪತ್ರವನ್ನು ಓದಿದರೆ ಅಲ್ಲಿಯೂ ಗಿರಾಕಿಗೆ ಸಿಗುವುದು ಪರವಾನಗಿಯೇ. ಕಾಗದದ ಮೇಲೆ ದೊಡ್ಡ ಅಂಗಡಿಗೂ ಇದಕ್ಕೂ ಬಹಳ ಅಂತರವಿಲ್ಲ. ಅಂತರವಿರುವುದು ಕಿತ್ತುಕೊಳ್ಳುವ ಶಕ್ತಿಯಲ್ಲಿ. 2024ರಲ್ಲಿ ಸತ್ತವರ ಖಾತೆಯನ್ನು ವಾರಸುದಾರರಿಗೆ ವರ್ಗಾಯಿಸಲಾಗದು ಎಂದು ಸ್ಟೀಮ್ ಒಬ್ಬ ಗಿರಾಕಿಗೆ ಉತ್ತರಿಸಿತು. ನ್ಯಾಯಾಲಯದ ಆದೇಶ ತಂದರೆ ಪ್ರಯತ್ನಿಸುತ್ತೇವೆ ಎಂದು ಜಿ.ಒ.ಜಿ. ಹೇಳಿತು. ತಂದೆ ಇಳಿಸಿಟ್ಟ ಕಡತ ಮನೆಯ ಡಿಸ್ಕಿನಲ್ಲಿದ್ದರೆ ಮಗನಿಗೆ ಅದೂ ಬೇಕಾಗುವುದಿಲ್ಲ.

ಆದರೆ ಇದೇ ಅಂಗಡಿಯ ನಂಬಿಕೆಗೂ ಒಂದು ದಿನ ಪೆಟ್ಟು ಬಿತ್ತು. ತೈವಾನಿನ ರೆಡ್ ಕ್ಯಾಂಡಲ್ ಎಂಬ ಸಣ್ಣ ತಂಡ 2019ರ ಫೆಬ್ರವರಿಯಲ್ಲಿ 'ಡಿವೋಷನ್' ಎಂಬ ಆಟ ಹೊರತಂದಿತು. ಆಟದೊಳಗಿನ ಗೋಡೆಯ ಮೇಲಿನ ತಾಯಿತದ ಕಾಗದವೊಂದರಲ್ಲಿ ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್ ಅವರನ್ನು ಗೇಲಿ ಮಾಡುವ ಅಕ್ಷರಗಳಿದ್ದುದು ಪತ್ತೆಯಾಯಿತು. ತಂಡ ಕ್ಷಮೆ ಕೇಳಿ ಆಟವನ್ನು ಸ್ಟೀಮ್‌ನಿಂದ ಹಿಂತೆಗೆಯಿತು. ಚೀನಾದಲ್ಲಿ ಅದನ್ನು ಪ್ರಕಟಿಸಿದ ಕಂಪನಿಯ ವ್ಯಾಪಾರ ಪರವಾನಗಿಯನ್ನೇ ಅಲ್ಲಿನ ಆಡಳಿತ ರದ್ದು ಮಾಡಿತು. ಆಟವನ್ನು ಹಾರ್ವರ್ಡ್-ಯೆನ್‌ಚಿಂಗ್ ಗ್ರಂಥಾಲಯ ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಜನಸಾಮಾನ್ಯರಿಗೆ ಮಾತ್ರ ಎಲ್ಲೂ ಸಿಗುತ್ತಿರಲಿಲ್ಲ. 2020ರ ಡಿಸೆಂಬರ್ 16ರಂದು ಜಿ.ಒ.ಜಿ.ಯಲ್ಲಿ ಬರುತ್ತದೆಂದು ಘೋಷಣೆಯಾಯಿತು. ಕೆಲವೇ ಗಂಟೆಗಳಲ್ಲಿ, 'ಆಟಗಾರರಿಂದ ಬಂದ ಅನೇಕ ಸಂದೇಶಗಳ' ಕಾರಣ ಕೊಟ್ಟು ಅಂಗಡಿ ಹಿಂದೆ ಸರಿಯಿತು. ಯಾವ ಆಟಗಾರರು, ಎಂಥ ಸಂದೇಶಗಳು? ನಂಬಿದವರಿಲ್ಲ. ಕೊಂಡದ್ದನ್ನು ಕಿತ್ತುಕೊಳ್ಳುವುದಿಲ್ಲ ಎಂಬ ಭರವಸೆ ಸರಿಯೇ. ಆದರೆ ಕೊಳ್ಳುವ ಮೊದಲೇ ಕಪಾಟಿನಿಂದ ತೆಗೆದರೆ? 2021ರ ಮಾರ್ಚಿನಲ್ಲಿ ರೆಡ್ ಕ್ಯಾಂಡಲ್ ತಂಡ ತನ್ನದೇ ಪುಟ್ಟ ಅಂಗಡಿ ತೆರೆದು ತನ್ನ ಆಟಗಳನ್ನು ಬೀಗವಿಲ್ಲದೆ ಮಾರತೊಡಗಿತು.

ಸ್ವಂತ ಅಂಗಡಿ ತೆರೆಯಲಾಗದವರಿಗೆ ಇಚ್ ಡಾಟ್ ಐಒ ಇದೆ. ಲೀಫ್ ಕಾರ್ಕೊರನ್ ಎಂಬ ಅಮೆರಿಕದ ಪ್ರೋಗ್ರಾಮರ್ 2013ರಲ್ಲಿ ಶುರು ಮಾಡಿದ ಸಂತೆ ಇದು. ಯಾರು ಬೇಕಾದರೂ ಚಾಪೆ ಹಾಸಿ ಕೂರಬಹುದು. 2015ರಿಂದ ಅಂಗಡಿಗೆ ಎಷ್ಟು ಪಾಲು ಕೊಡಬೇಕೆಂಬುದನ್ನೂ ಮಾರುವವನೇ ನಿರ್ಧರಿಸುತ್ತಾನೆ. ನೂರಕ್ಕೆ ಹತ್ತು ವಾಡಿಕೆ, ಸೊನ್ನೆಯನ್ನೂ ಬರೆಯಬಹುದು. ದೊಡ್ಡ ಅಂಗಡಿಗಳು ಮೂವತ್ತು ಹಿಡಿಯುತ್ತಿದ್ದ ಕಾಲದಲ್ಲಿ ಇದೊಂದು ಧೈರ್ಯ. 2020ರ ಜೂನಿನಲ್ಲಿ, ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಹತ್ಯೆಯ ನಂತರ, ಜನಾಂಗೀಯ ನ್ಯಾಯಕ್ಕಾಗಿ ಇಲ್ಲಿ ಕಟ್ಟಿದ ಗಂಟಿನಲ್ಲಿ 1,700ಕ್ಕೂ ಹೆಚ್ಚು ಕೃತಿಗಳಿದ್ದವು. ಕನಿಷ್ಠ ಬೆಲೆ 5 ಡಾಲರ್. ಕೂಡಿದ್ದು 81 ಲಕ್ಷ ಡಾಲರ್. ಮರುವರ್ಷ ಜೂನಿನಲ್ಲಿ ಪ್ಯಾಲೆಸ್ತೀನಿನ ನಿರಾಶ್ರಿತರ ನೆರವಿಗಾಗಿ ಅಲ್ಲಿಯೇ ಇನ್ನೊಂದು ಗಂಟು ಕಟ್ಟಿದರು. ಸುಮಾರು 9 ಲಕ್ಷ ಡಾಲರ್ ವಿಶ್ವಸಂಸ್ಥೆಯ ಪರಿಹಾರ ಸಂಸ್ಥೆಗೆ ಹೋಯಿತು. ಎರಡೂ ಸಲ ಆಟಗಳನ್ನು ಕೊಟ್ಟವರು ತಮ್ಮ ಪಾಲನ್ನು ಬಿಟ್ಟುಕೊಟ್ಟಿದ್ದರು.

ಈ ಸಂತೆಗೆ ಬೀಗವಿಲ್ಲ ನಿಜ, ಆದರೆ ಗಲ್ಲಾಪೆಟ್ಟಿಗೆಯ ಕೀಲಿ ಅದರ ಕೈಯಲ್ಲಿಲ್ಲ. ಗಿರಾಕಿಯ ದುಡ್ಡು ಬರುವುದು ಕಾರ್ಡ್ ಮತ್ತು ಪಾವತಿ ಕಂಪನಿಗಳ ಮೂಲಕ. 2025ರಲ್ಲಿ ಆಸ್ಟ್ರೇಲಿಯಾದ ಒಂದು ಸಂಘಟನೆ, ಅತ್ಯಾಚಾರವನ್ನು ಆಟವಾಗಿಸುವ ಸರಕನ್ನು ಮಾರುತ್ತಿದ್ದಾರೆಂದು ಪಾವತಿ ಕಂಪನಿಗಳಿಗೆ ಪತ್ರ ಬರೆದು ಒತ್ತಾಯಿಸಿತು. ಪಾವತಿ ಕಂಪನಿಗಳು ಕೈ ಎಳೆದುಕೊಂಡರೆ ಎಲ್ಲರ ಸಂಪಾದನೆಯೂ ನಿಲ್ಲುತ್ತದೆಂಬ ಭಯದಲ್ಲಿ ಇಚ್ ಜುಲೈ ತಿಂಗಳಲ್ಲಿ ವಯಸ್ಕರ ವರ್ಗದ ಎಲ್ಲ ಕೃತಿಗಳನ್ನೂ ಒಂದೇ ರಾತ್ರಿಯಲ್ಲಿ ಹುಡುಕಾಟದ ಪಟ್ಟಿಯಿಂದ ಮರೆಮಾಡಿತು. ಅಂಥ ಅಸಹ್ಯ ಸರಕಿನ ಮೇಲೆ ನಮಗೆ ಯಾವ ಮಮತೆಯೂ ಇಲ್ಲ, ಅದು ಸಂತೆಯಲ್ಲಿ ಇರಬಾರದೆಂದೇ ನಮ್ಮ ಅಭಿಪ್ರಾಯ. ಆದರೆ ಅದರ ಜತೆಗೆ, ತಾವು ಅನುಭವಿಸಿದ ದೌರ್ಜನ್ಯವನ್ನು ಹೇಳಿಕೊಳ್ಳಲು ಆಟ ಮಾಡಿದವರ ಕೃತಿಗೂ ಅದೇ ಚೀಟಿ ಅಂಟಿದ್ದರೆ ಅದೂ ಮರೆಯಾಗುತ್ತದೆ. ಮೊದಲೇ ತಿಳಿಸಲಿಲ್ಲ, ಒಂದೊಂದಾಗಿ ನೋಡಲಿಲ್ಲ. ಕಾನೂನಿನ ಆದೇಶವಿಲ್ಲದೆ, ನ್ಯಾಯಾಲಯದ ಮುಖ ನೋಡದೆ, ಹಣ ಸಾಗಿಸುವವನು ಸಂತೆಯಲ್ಲಿ ಯಾರು ಕೂರಬೇಕೆಂದು ತೀರ್ಮಾನಿಸಿದ. ಉಚಿತವಾಗಿ ಕೊಡುವ ಕೃತಿಗಳನ್ನು ಆ ತಿಂಗಳ ಕೊನೆಯಿಂದ ಮತ್ತೆ ಪಟ್ಟಿಗೆ ಸೇರಿಸುತ್ತ ಬಂದರು. ದುಡ್ಡಿನ ಕೃತಿಗಳಿಗಾಗಿ ಬೇರೆ ಪಾವತಿ ಕಂಪನಿಗಳನ್ನು ಹುಡುಕುತ್ತಿದ್ದೇವೆ ಎಂದು ಅಂಗಡಿಯವರು ಆಗ ತಿಳಿಸಿದರು.